ಎತ್ತುವ ಮೊದಲು ಕೇಳಿ

ಈಸ್ಟರ್ ಹಬ್ಬದ ಹಿಂದಿನ ದಿನ. ಗಾಲಿಕುರ್ಚಿಯಲ್ಲಿ ಕೂತಿದ್ದ ಬೊಗ್ನಾಳ ಮಡಿಲಲ್ಲಿ ಪಾದ್ರಿಗಳ ಆಶೀರ್ವಾದಕ್ಕೆ ಒಯ್ಯುವ ಬುಟ್ಟಿ ಇತ್ತು. ಅದರಲ್ಲಿ ಬಣ್ಣ ಹಚ್ಚಿದ ಮೊಟ್ಟೆ, ಬ್ರೆಡ್ಡು, ಉಪ್ಪು, ಸಾಸೇಜು. ಚರ್ಚಿನ ಮೆಟ್ಟಿಲ ಬುಡದಲ್ಲಿ ಗಂಡ ಝೆನೆಕ್ ಒಂದು ಕಡೆ, ಅವನ ಷಡ್ಡಕ ವಿತೋಲ್ದ್ ಇನ್ನೊಂದು ಕಡೆ ನಿಂತು ಕುರ್ಚಿಗೆ ಕೈಹಾಕಿದರು.

"ಹೇಗೋ ಆಗತ್ತೆ, ಎತ್ತು!" ಎಂದ ಝೆನೆಕ್.

ಅರ್ಧ ಮೆಟ್ಟಿಲು ಏರಿದ್ದರು. ವಿತೋಲ್ದ್ ಹಿಡಿದಿದ್ದ ಕುರ್ಚಿಯ ತೋಳು ಕಿತ್ತು ಅವನ ಕೈಗೇ ಬಂತು. ಅದು ಬೇಕೆಂದಾಗ ಬಿಚ್ಚಿಡುವ ತೋಳು, ಭಾರ ಹೊರುವುದಕ್ಕಲ್ಲ. ಕುರ್ಚಿ ವಾಲಿತು. ಝೆನೆಕ್ ಎದೆಕೊಟ್ಟು ಹೆಂಡತಿಯನ್ನು ತಡೆದ. ಮೊಟ್ಟೆಗಳು ಮಾತ್ರ ಒಂದೊಂದಾಗಿ ಮೆಟ್ಟಿಲಿಳಿದು ಹೋದವು.

"ಆಶೀರ್ವಾದಕ್ಕೆ ಮುಂಚೆನೇ ಓಡಿಹೋದ್ವಲ್ಲೇ!" ಎಂದು ಒಬ್ಬ ಮುದುಕಿ ಅವನ್ನು ಆಯ್ದುಕೊಟ್ಟಳು. ಎಲ್ಲರೂ ನಕ್ಕರು. ಬೊಗ್ನಾಳೂ ನಕ್ಕಳು. ಆ ನಗು ಮನೆ ಬಾಗಿಲವರೆಗೆ ಬಾಳಿತು.

ಒಳಗೆ ಬಂದವಳೇ, "ನಾನು ಥೀಮ್ ಪಾರ್ಕಿಗೆ ಬರಲ್ಲ. ಯಾಗೋದಾನ ನೀವೇ ಕರ್ಕೊಂಡು ಹೋಗಿ" ಎಂದಳು.

ಯಾಗೋದಾ ಅವಳ ತಂಗಿಯ ಮಗಳು. ಮಗುವಿನ ದೀಕ್ಷಾಸ್ನಾನದಲ್ಲಿ ತಾಯಿಯ ಸ್ಥಾನದಲ್ಲಿ ನಿಂತವಳು ಬೊಗ್ನಾ. ಮೇ ತಿಂಗಳಲ್ಲಿ ಆ ಹುಡುಗಿಯ ಪ್ರಥಮ ಪರಮಪ್ರಸಾದ, ಚರ್ಚಿನಲ್ಲಿ ಮೊದಲ ಸಲ ಪ್ರಸಾದ ಸ್ವೀಕರಿಸುವ ದಿನ. ಉಳಿದ ನೆಂಟರು ಉಡುಗೊರೆಗೆ ಸೈಕಲ್ಲು, ಗಡಿಯಾರ ಎಂದು ಮಾತಾಡಿಕೊಳ್ಳುತ್ತಿದ್ದರು. ಯಾಗೋದಾ ಮಾತ್ರ, "ದೊಡ್ಡಮ್ಮ, ನನಗೆ ಅದೆಲ್ಲ ಬೇಡ. ಪಾರ್ಕಲ್ಲಿ ಜೈಂಟ್ ವೀಲ್ ಹತ್ತಿದಾಗ ನನ್ನ ಪಕ್ಕ ನೀನು ಕೂತಿರಬೇಕು" ಎಂದಿದ್ದಳು. ಬೊಗ್ನಾ ಮಾತು ಕೊಟ್ಟಿದ್ದಳು.

ಅವಳಿಗೆ ನರಗಳ ಕಾಯಿಲೆ. ಹಾಗೆಂದು ಕಾಲು ಪೂರ್ತಿ ಸೋತಿರಲಿಲ್ಲ. ಬೆಳಿಗ್ಗೆ ನಿಂತುಕೊಂಡೇ ಹಿಟ್ಟು ಲಟ್ಟಿಸಿ ಪಿಯೆರೊಗಿ ಕಡುಬು ಮಡಿಚಿದವಳು ಮಧ್ಯಾಹ್ನ ಬೀದಿಯ ತಿರುವಿನ ತನಕ ಹೋಗಲಾರಳು. ಜನರಿಗೆ ಇದು ಅರ್ಥವಾಗುತ್ತಿರಲಿಲ್ಲ. "ನಿನ್ನೆ ನಡೀತಿದ್ದೆ, ಇವತ್ತು ರಾಣಿ ಸವಾರಿನಾ?" ಎಂದು ಅಂಗಡಿಯವಳು ಕೇಳಿದ್ದುಂಟು.

ಹಬ್ಬದ ಮರುದಿನ ಸೋಮವಾರ ಗೆಳತಿ ಉಲಾ ಬಂದಳು. ಆರೋಗ್ಯಧಾಮದಲ್ಲಿ ವ್ಯಾಯಾಮ ಮಾಡುವಾಗ ಪರಿಚಯವಾದವಳು, ಗಂಡ ಹೆಂಡತಿ ಇಬ್ಬರಿಗಿಂತಲೂ ಹಿರಿಯಳು, ಬಹುಕಾಲದಿಂದ ಗಾಲಿಕುರ್ಚಿಯವಳು. ಅವತ್ತು ಬೀದಿಯಲ್ಲಿ ಒಬ್ಬರ ಮೇಲೊಬ್ಬರು ನೀರೆರಚುವ ದಿನ. ಉಲಾಳ ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಹುಡುಗರು ನಿಮ್ಮನ್ನೂ ಬಿಡಲಿಲ್ವಾ ಅಕ್ಕ?" ಎಂದು ಝೆನೆಕ್ ಟವೆಲ್ ತಂದ.

"ಬಿಟ್ಟಿದ್ರೆ ಬೇಜಾರಾಗ್ತಿತ್ತು. ಕುರ್ಚೀಲಿ ಕೂತೋಳಿಗೆ ಹಬ್ಬ ಇಲ್ವಾ?" ಎಂದಳು ಉಲಾ. ಆಮೇಲೆ ಬೊಗ್ನಾಳ ಮುಖ ನೋಡಿದಳು. "ಏನೇ ಇದು, ಮುಖ ಹುಳಿ ಸೌತೆಕಾಯಿ ಹಾಗಿದೆ?"

ಕಥೆಯೆಲ್ಲ ಹೊರಬಂತು.

"ಒಂದು ದಿನದ ಮಾತು ತಾನೆ ಅಕ್ಕ?" ಎಂದ ಝೆನೆಕ್. "ರೈಲಿಗೆ ನಾನು ಎತ್ತಿ ಹತ್ತಿಸ್ತೀನಿ. ಎರಡು ತೋಳಿದೆ. ಹೇಗೋ ಆಗತ್ತೆ."

"ಮೊಟ್ಟೆಗಳಿಗೂ ಹೀಗೇ ಹೇಳಿದ್ಯಾ? ಅಲ್ಲಪ್ಪ, ಎರಡು ದಿನ ಮೊದಲು ರೈಲ್ವೆಯವರಿಗೆ ಒಂದು ಫೋನ್ ಮಾಡು. ಹತ್ತಿಸೋಕೆ ಲಿಫ್ಟು, ಜೊತೆಗೆ ಜನ, ಎಲ್ಲ ಅವರೇ ತರ್ತಾರೆ. ನಾನು ಹೋದ ವರ್ಷ ಸಮುದ್ರ ನೋಡ್ಕೊಂಡು ಬಂದಿದ್ದು ಹೇಗೆ ಅಂದ್ಕೊಂಡೆ?"

"ಪರರ ಹತ್ರ ಯಾಕೆ ಕೈಚಾಚಬೇಕು?" ಎಂದ ಝೆನೆಕ್.

ಬೊಗ್ನಾ ಮೆಲ್ಲಗೆ ಅಂದಳು: "ಮತ್ತೆ ನಾನು ನಾಲ್ಕು ಹೆಜ್ಜೆ ಇಡ್ತೀನಲ್ಲ ಉಲಾ ಅಕ್ಕ. ಅಂಥೋಳು ಲಿಫ್ಟ್ ಕೇಳಿದ್ರೆ ನಾಟಕ ಅಂತಾರೆ."

"ಕನ್ನಡಕ ಹಾಕ್ಕೊಂಡೋರೆಲ್ಲ ಪೂರ್ತಿ ಕುರುಡರಾ? ಎಷ್ಟು ಬೇಕೋ ಅಷ್ಟು ಸಹಾಯ ಕೇಳು. ನಾಚಿಕೆ ಯಾಕೆ?" ಉಲಾ ಝೆನೆಕ್ ಕಡೆ ತಿರುಗಿದಳು. "ಹೌದೋ ಮಾರಾಯ, ಎತ್ತೋವಾಗ ಒಂದು ಸಲನಾದ್ರೂ ಇವಳನ್ನ ಕೇಳಿದೀಯಾ?"

ಬೊಗ್ನಾ ಮೇಜುಬಟ್ಟೆಯ ಅಂಚನ್ನು ಸುರುಳಿ ಸುತ್ತಿದಳು.

"ಎತ್ತಿದಾಗ ನನಗೆ ಭಯ ಆಗತ್ತೆ, ಝೆನೆಕ್. ನಾನು ಬೀಳ್ತೀನಿ ಅಂತ, ನಿನ್ನ ಸೊಂಟ ಮುರಿಯತ್ತೆ ಅಂತ. ಹೇಳಿದ್ರೆ ಉಪಕಾರ ಮರೆತೋಳು ಅನ್ಸತ್ತೆ ಅಂತ ಬಾಯಿ ಮುಚ್ಕೊಂಡಿದ್ದೆ."

ಝೆನೆಕ್ ಎದ್ದು ಹೋಗಿ ಚಹಾಕ್ಕೆ ನೀರಿಟ್ಟ.

ಜೂನ್ ಬಂತು. ಹೊರಡುವುದಕ್ಕೆ ಇನ್ನೂ ದಿನಗಳಿರುವಾಗಲೇ ಅವನು ತಾನಾಗಿ ಫೋನ್ ಹಿಡಿದ. ಆ ಕಡೆಯ ಹೆಂಗಸು ಕುರ್ಚಿಯ ಅಗಲ ಕೇಳಿದಳು, ಕೂತವರೂ ಸೇರಿ ತೂಕ ಎಷ್ಟೆಂದು ಕೇಳಿದಳು. ಅವರಿಗೆ ಎದ್ದು ನಿಲ್ಲಲು ಆಗುತ್ತದೆಯೇ ಎಂದಳು.

"ಇಲ್ಲ ಇಲ್ಲ" ಎಂದ ಝೆನೆಕ್.

ಬೊಗ್ನಾ ಫೋನ್ ಕಿತ್ತುಕೊಂಡಳು. "ಆಗತ್ತೆ ಮೇಡಂ. ಹಿಡ್ಕೊಳ್ಳೋಕೆ ಏನಾದ್ರೂ ಇದ್ರೆ ಎರಡು ಹೆಜ್ಜೆ ಇಡ್ತೀನಿ. ಮೆಟ್ಟಿಲು ಆಗಲ್ಲ."

ಅವರ ಊರಿನ ನಿಲ್ದಾಣದಲ್ಲಿ ಪ್ಲಾಟ್‌ಫಾರ್ಮಿಗೆ ಹೋಗಲು ಮೆಟ್ಟಿಲೇ ಗತಿ. ಪಕ್ಕದೂರಿನಿಂದ ಹತ್ತಿದರೆ ಅನುಕೂಲ ಎಂದು ಆ ಹೆಂಗಸೇ ತಿಳಿಸಿದಳು. ಈ ವಿಷಯ ಹೊರಟ ದಿನ ಗೊತ್ತಾಗಿದ್ದರೆ ಮತ್ತೆ ಎತ್ತುವ ಮಾತೇ ಬರುತ್ತಿತ್ತು.

ಸಂಜೆ ಉಲಾ ಫೋನಿನಲ್ಲಿ ವಿಚಾರಿಸಿದಳು. "ವಾಪಸ್ ಬರೋದಕ್ಕೆ ಹೇಳಿದ್ರಾ?"

"ಹೋದೋರು ಬರ್ತಾರೆ ಅಂತ ಅವರಿಗೇ ಗೊತ್ತಾಗಲ್ವಾ ಅಕ್ಕ?" ಎಂದ ಝೆನೆಕ್.

"ಗೊತ್ತಾಗಲ್ಲ. ಜೈಂಟ್ ವೀಲಲ್ಲೇ ಸಂಸಾರ ಹೂಡ್ತೀರಿ ಅಂದ್ಕೋತಾರೆ. ಮಾಡು ಇನ್ನೊಂದು ಫೋನು! ಪಾರ್ಕಿಗೂ ಮಾಡು. ನಿಲ್ದಾಣದಿಂದ ತಗ್ಗು ನೆಲದ ಬಸ್ ಇದೆಯಾ, ಕುರ್ಚಿ ಹೋಗೋ ಶೌಚಾಲಯ ಎಲ್ಲಿ, ನೆರಳೆಲ್ಲಿ, ಕೇಳ್ಕೋ. ಬಿಸಿಲಿಗೆ ಅವಳ ಕಾಲು ಇನ್ನೂ ಸೋಲತ್ತೆ."

ಹೊರಟ ದಿನ ಪಕ್ಕದೂರಿನ ನಿಲ್ದಾಣದಲ್ಲಿ ರೈಲ್ವೆಯವರು ಇಬ್ಬರು ಲಿಫ್ಟು ತಂದು ಕಾದಿದ್ದರು. ಝೆನೆಕ್ ಅಭ್ಯಾಸಬಲದಿಂದ ಕುರ್ಚಿಗೆ ಬಗ್ಗಿದ. ಸಿಬ್ಬಂದಿಯವನು ನಗುತ್ತ, "ಸ್ವಲ್ಪ ಪಕ್ಕಕ್ಕೆ ನಿಲ್ತೀರಾ ಯಜಮಾನ್ರೇ?" ಎಂದ. ಆಮೇಲೆ ಬೊಗ್ನಾಳ ಕಣ್ಣಮಟ್ಟಕ್ಕೆ ಬಗ್ಗಿ, "ಅಮ್ಮ, ಬ್ರೇಕ್ ಹಾಕ್ಕೊಂಡ್ರಾ? ಮೇಲಕ್ಕೆ ಬಿಡಲಾ?" ಎಂದು ಕೇಳಿದ.

ಅವನು ಕೇಳಿದ್ದು ಅವಳನ್ನು. ಬೊಗ್ನಾ ಬ್ರೇಕನ್ನು ಇನ್ನೊಮ್ಮೆ ಮುಟ್ಟಿ ನೋಡಿಕೊಂಡಳು. "ಬಿಡಪ್ಪ" ಎಂದಳು.

ಪಾರ್ಕಿನಲ್ಲಿ ಯಾಗೋದಾ ಕುರ್ಚಿಯ ಜೊತೆಜೊತೆಗೇ ಓಡಿದಳು. ಜೈಂಟ್ ವೀಲ್ ನಡೆಸುವ ಹುಡುಗಿ ಚಕ್ರವನ್ನು ಪೂರ್ತಿ ನಿಲ್ಲಿಸಿ, ತೊಟ್ಟಿಲ ಬಾಗಿಲು ತೆರೆದು, "ನಿಧಾನಕ್ಕೆ ಬನ್ನಿ, ಅವಸರ ಇಲ್ಲ" ಎಂದಳು. ಸಾಲಿನಲ್ಲಿದ್ದವರು ಕಾದರು. ಬೊಗ್ನಾ ಕಂಬಿ ಹಿಡಿದು ಎದ್ದಳು. ಒಂದು ಹೆಜ್ಜೆ ಇಟ್ಟಳು. ಕಾಲು ನಡುಗಿತು. ಝೆನೆಕ್‌ನ ಕೈ ಮುಂದೆ ಬಂತು, ನಿಂತಿತು.

"ಎತ್ತಲಾ?" ಎಂದು ಕೇಳಿದ.

"ಬೇಡ."

ಇನ್ನೊಂದು ಹೆಜ್ಜೆ ಇಟ್ಟು ಅವಳು ಕೂತಳು. ಯಾಗೋದಾ ಪಕ್ಕಕ್ಕೆ ಹಾರಿ ಬಂದು ಕೂತಳು. ತೊಟ್ಟಿಲು ಮೇಲೇರುತ್ತಲೇ ಹುಡುಗಿ ಕಣ್ಣುಮುಚ್ಚಿ ದೊಡ್ಡಮ್ಮನ ತೋಳಿಗೆ ಅಂಟಿಕೊಂಡಳು.

"ಇಷ್ಟು ಪುಕ್ಕಲಿ ಆಗಿದ್ದಕ್ಕೇನೇ ನನ್ನನ್ನ ಕರೆದಿದ್ದು?"

"ಹೂಂ ಮತ್ತೆ. ಅಪ್ಪ ಆಗಿದ್ರೆ ನಗ್ತಿದ್ದ."

ಹೊಲಗಳು, ಕೆಂಪು ಹೆಂಚುಗಳು, ದೂರದ ನೀಲಿ ಗುಡ್ಡ, ಎಲ್ಲ ಕೆಳಗೆ ಹರಡಿಕೊಂಡವು. ಎದುರಿನ ಸೀಟಿನಲ್ಲಿ ಝೆನೆಕ್ ತನ್ನ ಎರಡು ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಮೊಣಕಾಲಿನ ಮೇಲಿಟ್ಟುಕೊಂಡಿದ್ದ. ಬೊಗ್ನಾ ಅದನ್ನು ನೋಡಿದಳು.

"ಕೊಡು ಇಲ್ಲಿ ಆ ಕೈ. ಇಷ್ಟು ವರ್ಷ ಎತ್ತಿದ್ದು ನಾನು ಮರೆಯಲ್ಲ ಝೆನೆಕ್. ಇನ್ಮೇಲೆ ಹಿಡ್ಕೊಂಡ್ರೆ ಸಾಕು."

ಅವನು ಹಿಡಿದುಕೊಂಡ. ಚಕ್ರ ಇನ್ನೊಂದು ಸುತ್ತು ಬಂದರೂ ಬಿಡಲಿಲ್ಲ.

ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಮನೆಯಲ್ಲೂ ಹೀಗೆ ನಾಲ್ಕು ಹೆಜ್ಜೆಗೆ ದಣಿಯುವವರು ಇರಬಹುದು. "ನಾನು ಬರಲ್ಲ, ನೀವು ಹೋಗಿ" ಎಂದು ಅವರು ಹೇಳಿದರೆ ಅಷ್ಟಕ್ಕೇ ನಂಬಬೇಡಿ. ಅವರಿಗೆ ಯಾವುದರ ಭಯ ಎಂದು ಕೇಳಿ. ಹೋಗುವ ಜಾಗಕ್ಕೂ, ರೈಲು ಬಸ್ಸಿನವರಿಗೂ ಮೊದಲೇ ಫೋನ್ ಮಾಡಿ ನಿಮ್ಮವರಿಂದ ಏನು ಆಗುತ್ತದೆ, ಏನು ಆಗುವುದಿಲ್ಲ ಎಂದು ಇದ್ದದ್ದು ಇದ್ದ ಹಾಗೆ ಹೇಳಿ. ಸಾಧ್ಯವಾದರೆ ಅವರ ಬಾಯಿಂದಲೇ ಹೇಳಿಸಿ. ಮರಳುವ ದಾರಿಯನ್ನು ಮರೆಯಬೇಡಿ. ಒಂದು ಕಡೆ ಸೌಕರ್ಯ ಇಲ್ಲವೆಂದರೆ ಎಲ್ಲಿದೆ ಎಂದು ಕೇಳಿ, ಬೇಕೆಂದು ಒತ್ತಾಯಿಸಿ. ಕೇಳುವವರೇ ಇಲ್ಲದಿದ್ದರೆ ಮೆಟ್ಟಿಲ ಪಕ್ಕದಲ್ಲಿ ಇಳಿಜಾರು ಯಾರು ತಾನೆ ಕಟ್ಟಿಸುತ್ತಾರೆ? ಎತ್ತುವ ತೋಳುಗಳಿಗೆ ನಾವು ಸದಾ ಋಣಿಗಳು. ಆದರೆ ಎತ್ತುವ ಮೊದಲು ಒಂದು ಮಾತು ಕೇಳಿ.