ಬೆಂಕಿ ಹಾಕಿದ ಮನೆ

ತೆಂಗಿನ ಚಿಪ್ಪಿಗೇನೋ ಬೆಂಕಿ ಹತ್ತಿತು, ಮುರಿದ ಸ್ಟೂಲಿನ ಕಾಲು ಮಾತ್ರ ಬರೀ ಹೊಗೆ ಬಿಡುತ್ತಿತ್ತು. ವೀರೇಂದ್ರ ಅಪಾರ್ಟ್‌ಮೆಂಟಿನ ಗೇಟಿನ ಪಕ್ಕ ಮಂಡಿಯೂರಿ ಊದುತ್ತಿದ್ದ. ಮೂರನೇ ಮಹಡಿಯ ಮನೆಯಲ್ಲಿ ಅವನ ಅಕ್ಕ ಭವಾನಿ ಬೆಳಗಿನ ಕಾಫಿ ಲೋಟ ಕೈಗೆತ್ತಿಕೊಳ್ಳುವ ಮೊದಲೇ ಹೋಗಿಬಿಟ್ಟಿದ್ದಳು. ಡಾಕ್ಟರು ಬಂದು ನೋಡಿ, ಕಾಗದ ಬರೆದುಕೊಟ್ಟು ಹೋಗಿದ್ದೂ ಆಗಿತ್ತು. ವೀರೇಂದ್ರನವರ ಕಡೆ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಮೈ ಸೆಟೆದುಕೊಳ್ಳುವ ಮೊದಲೇ ಅಕ್ಕನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಸೊಂಟಕ್ಕೆ ಪಂಚೆ ಬಿಗಿದು, ಗದ್ದಕ್ಕೊಂದು ಬಟ್ಟೆ ಕಟ್ಟಿ ಕೆಳಗೆ ಬಂದಿದ್ದ. ಇನ್ನು ಉಳಿದದ್ದು ಮನೆ ಮುಂದೆ ಬೆಂಕಿ ಹಾಕಿ ಜನ ಬರುವುದನ್ನು ಕಾಯುವುದು.

ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಅಷ್ಟೇ ಸಾಕಾಗುತ್ತಿತ್ತು. ಬಾಗಿಲ ಮುಂದೆ ಬೆಂಕಿ ಕಂಡರೆ ಯಾರೂ ಏನಾಯಿತೆಂದು ಕೇಳುತ್ತಿರಲಿಲ್ಲ. ಶಿಫ್ಟು ಮುಗಿಸಿದವರು ಟಿಫಿನ್ ಕ್ಯಾರಿಯರ್ ಹಿಡಿದುಕೊಂಡೇ ಬಂದು ನಿಲ್ಲುತ್ತಿದ್ದರು. ಅಲ್ಲಿ ಸಾವಿಗೆ ಯಾರನ್ನೂ ಹೋಗಿ ಕರೆಯುವ ಪದ್ಧತಿಯಿರಲಿಲ್ಲ, ಕರೆಸಿಕೊಂಡು ಬಂದವನು ಆಮೇಲೆ ಯಾರಿಗೂ ಮುಖ ತೋರಿಸುವಂತಿರಲಿಲ್ಲ. ತಮಿಳರ ಮನೆಯಾಗಲಿ, ತೆಲುಗರ ಮನೆಯಾಗಲಿ, ಹೊಗೆ ಕಂಡ ಕೂಡಲೇ ಒಲೆಯ ಮೇಲಿನ ಅನ್ನವನ್ನು ಹಾಗೇ ಬಿಟ್ಟು ಮೊದಲು ಓಡುತ್ತಿದ್ದವಳು ಭವಾನಿ. ಎಷ್ಟು ಹೆಂಗಸರಿಗೆ ಕೊನೆಯ ಸ್ನಾನ ಮಾಡಿಸಿದ್ದಳೋ ಅವಳಿಗೇ ನೆನಪಿರಲಿಲ್ಲ.

ಮದುವೆಯಾಗದ ಅಕ್ಕ, ಹೆಂಡತಿ ಬಿಟ್ಟುಹೋದ ತಮ್ಮ. ಕಾರ್ಖಾನೆ ಮುಚ್ಚಿ ಕ್ವಾರ್ಟರ್ಸ್ ಖಾಲಿಯಾದ ಮೇಲೆ ಇಬ್ಬರೂ ಶಿವಮೊಗ್ಗಕ್ಕೆ, ಮಲವಗೊಪ್ಪದ ಕಡೆಯ ಈ ಬಾಡಿಗೆ ಫ್ಲಾಟಿಗೆ ಬಂದರು. ಅವನು ಬೆಳಿಗ್ಗೆ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದರೆ ಬರುವುದು ಕತ್ತಲಾದ ಮೇಲೆಯೇ. ಅಕ್ಕ ಮೊದಮೊದಲು ಕೋಸಂಬರಿಯ ಬಟ್ಟಲು ಹಿಡಿದು ಎದುರುಮನೆಯ ಬಾಗಿಲು ತಟ್ಟಿದ್ದಳು. ಒಳಗಿನಿಂದಲೇ "ಯಾರು? ಏನು ಬೇಕಿತ್ತು?" ಅಂದರು. ಅವತ್ತಿನಿಂದ ಅವಳು ಟೀವಿಯ ಜೊತೆ ಮಾತಾಡುವುದನ್ನು ರೂಢಿ ಮಾಡಿಕೊಂಡಳು.

ಅಕ್ಕ ಹೋದ ಈ ದಿನ ಭಾನುವಾರ. ಎಲ್ಲರ ಕಾರುಗಳೂ ಕೆಳಗೇ ನಿಂತಿದ್ದವು, ಅಂದರೆ ಎಲ್ಲರೂ ಮನೆಯಲ್ಲೇ ಇದ್ದರು. ವೀರೇಂದ್ರನಿಗೆ ಬೇಕಾಗಿದ್ದದ್ದು ನಾಲ್ಕೇ ನಾಲ್ಕು ಜನ. ಅಕ್ಕನನ್ನು ಚಟ್ಟದ ಮೇಲೆ ಕೂರಿಸಿ, ಹೆಗಲು ಕೊಟ್ಟು ಮೆಟ್ಟಿಲಿಳಿಸಿದರೆ ಸಾಕು, ಆಮೇಲೆ ಸ್ಮಶಾನಕ್ಕೆ ಒಯ್ಯಲು ಹೇಳಿಟ್ಟ ವ್ಯಾನಿದೆ. ಊರಿನವರ ಸಾವಿಗೆಲ್ಲ ಓಡಿದವಳಿಗೆ ಅಷ್ಟೂ ಸಿಗುವುದಿಲ್ಲವೇ? ಹೊಗೆ ಮೇಲೇರಿತು. ಮೊದಲ ಮಹಡಿಯಲ್ಲಿ ಯಾರೋ ಕಿಟಕಿ ಮುಚ್ಚಿಕೊಂಡರು. ಎರಡನೆಯದರಲ್ಲಿ ಒಬ್ಬಾಕೆ ಒಣಹಾಕಿದ ಬಟ್ಟೆಗಳನ್ನು ಗಡಿಬಿಡಿಯಿಂದ ಎಳೆದುಕೊಂಡು ಒಳಗೆ ಹೋದಳು.

ಕೊನೆಗೂ ಒಬ್ಬ ಬಂದ. ಅಪಾರ್ಟ್‌ಮೆಂಟಿನ ಸೆಕ್ರೆಟರಿ ಸುಘೋಷ, ಕೈಯಲ್ಲಿ ನೀರಿನ ಬಕೆಟ್ಟು.

"ಇಲ್ಲಿ ಕಸ ಸುಡಬಾರದು ಅಂತ ಬೋರ್ಡ್ ಇದೆ ನೋಡ್ಲಿಲ್ವಾ? ಯಾವ ಫ್ಲಾಟು ನೀವು?"

"ಮುನ್ನೂರ ನಾಲ್ಕು. ನಮ್ಮಕ್ಕ ತೀರ್ಕೊಂಡ್ರು."

ಸುಘೋಷ ಬಕೆಟ್ಟು ಕೆಳಗಿಟ್ಟ. "ಅಯ್ಯೋ, ಸಾರಿ ಸಾರ್. ಆದ್ರೆ ಬೆಂಕಿ ಯಾಕೆ?"

"ಇದನ್ನ ನೋಡಿದ್ರೆ ಜನಕ್ಕೆ ಗೊತ್ತಾಗುತ್ತಲ್ಲ."

"ಯಾರಿಗೆ ಗೊತ್ತಾಗುತ್ತೆ ಸಾರ್? ಹೊಗೆ ಹೊಗೆ ಅಂತ ಆಗ್ಲೇ ಕಂಪ್ಲೇಂಟ್ ಮೇಲೆ ಕಂಪ್ಲೇಂಟು. ಮೇಲ್ಗಡೆ ಹಸುಗೂಸು ಬೇರೆ ಇದೆ. ನೀವು ಗ್ರೂಪಿಗೆ ಹಾಕ್ಬೇಕಿತ್ತು."

ಅವನೇನೂ ಕೆಟ್ಟವನಲ್ಲ. ಬಕೆಟ್ಟು ಬಗ್ಗಿಸಿ, ಸದ್ದಾಗದಂತೆ ನಿಧಾನವಾಗಿ ನೀರು ಸುರಿದ. ಅಲ್ಲೇ ನಿಂತು ಗ್ರೂಪಿಗೆ ತಾನೇ ಮೆಸೇಜು ಹಾಕಿದ. ವೀರೇಂದ್ರನ ಫೋನು ಒಂದೇ ಸಮನೆ ಸದ್ದು ಮಾಡತೊಡಗಿತು. ಓಂ ಶಾಂತಿ, ಓಂ ಶಾಂತಿ, ಮುಗಿದ ಕೈಗಳು, ಉರಿಯುವ ದೀಪ. ನಡುವೆ ಯಾರೋ ನೀರಿನ ಟ್ಯಾಂಕರ್ ಎಷ್ಟು ಹೊತ್ತಿಗೆ ಬರುತ್ತದೆಂದು ಕೇಳಿದ್ದರು.

ಅವನು ಮನೆಗೆ ಬಂದು ಭದ್ರಾವತಿಗೆ ಫೋನು ಮಾಡಿದ. ಕ್ವಾರ್ಟರ್ಸಿನಲ್ಲಿ ಪಕ್ಕದ ಮನೆಯಲ್ಲಿದ್ದ ಸುಬ್ಬಪ್ಪ ಸುದ್ದಿ ಕೇಳಿ ಗಟ್ಟಿಯಾಗಿ ಅತ್ತೇಬಿಟ್ಟ.

"ನಮ್ಮವ್ವಂಗೆ ಸ್ನಾನ ಮಾಡ್ಸಿದ್ದೇ ನಿಮ್ಮಕ್ಕ ಕಣೋ!"

"ಬರಕ್ಕಾಗುತ್ತಾ ಸುಬ್ಬಣ್ಣ?"

"ಮಂಡಿ ಆಪರೇಷನ್ ಆಗಿದೆ ಮಾರಾಯ, ಬಸ್ ಹತ್ತಕ್ಕಾಗಲ್ಲ. ಬೇರೆ ಯಾರನ್ನ ಕಳಿಸ್ಲಿ? ನಮ್ಮ ಲೈನಲ್ಲಿ ಈಗ ಗಿಡ ಬೆಳ್ದು ಬಾಗ್ಲೇ ಕಾಣಲ್ಲ." ಮೂಗು ಒರೆಸಿಕೊಳ್ಳುವ ಸದ್ದು ಕೇಳಿಸಿತು. "ತಡಿ, ಕ್ವಾರ್ಟರ್ಸ್ ಗ್ರೂಪಿಗೆ ಹಾಕ್ತೀನಿ."

ಕರೆಯದೆ ಬಂದವರು ವಾಚ್‌ಮನ್ ಪುಟ್ಟಯ್ಯ ಮತ್ತು ಅವನ ಹೆಂಡತಿ ಕರಿಯಮ್ಮ, ಇಬ್ಬರೇ. "ನೀವು ಹೊರಗಿರಿ ಅಣ್ಣಾ," ಎಂದು ಕರಿಯಮ್ಮ ಬಾಗಿಲು ಹಾಕಿಕೊಂಡು ತಾನೊಬ್ಬಳೇ ಸ್ನಾನ ಮಾಡಿಸಿ, ಸೀರೆ ಉಡಿಸಿ, ಕುಂಕುಮವಿಟ್ಟಳು. ವೀರೇಂದ್ರನಿಗೆ ಅವಳ ಕಾಲಿಗೆ ಬೀಳಬೇಕೆನ್ನಿಸಿತು. ಜೊತೆಗೇ ಅಕ್ಕನ ಮೇಲೆ ಕೋಪವೂ ಬಂತು. ಅಷ್ಟೆಲ್ಲ ಮನೆಗಳಿಗೆ ಓಡಿದ್ದೆಯಲ್ಲ, ಏನು ಬಂತು ನಿನಗೆ?

ವ್ಯಾನು ಬಂತು. ಡ್ರೈವರ್ ಪರಶುರಾಮ ಮೇಲೆ ಬಂದು ಸುತ್ತ ನೋಡಿದ.

"ಚಟ್ಟ ತರ್ಲಾ ಸಾರ್? ಎತ್ತಕ್ಕೆ ಜನ ಎಲ್ಲಿ?"

"ಬರ್ತಾರೆ. ಇನ್ನೊಂಚೂರು ಕಾಯೋಣ."

ಕಾದರು. ಮಿಕ್ಸಿಯ ಸದ್ದು ಕೇಳಿಸುತ್ತಿತ್ತು, ಯಾರ ಮನೆಯಲ್ಲೋ ಕ್ರಿಕೆಟ್ಟು ನಡೆಯುತ್ತಿತ್ತು. ಪರಶುರಾಮ ಎರಡು ಸಲ ಫೋನು ನೋಡಿಕೊಂಡು, ಕೋಟೆ ಕಡೆ ಇನ್ನೊಂದು ಮನೆಗೆ ಹೋಗಬೇಕೆಂದ. ವೀರೇಂದ್ರ ಎದ್ದು ಎದುರುಮನೆಯ ಮುಂದೆ ಹೋಗಿ ನಿಂತ. ಸಾವಿಗೆ ಜನ ಕರೆಯಲು ಹೊರಟಿದ್ದೇನಲ್ಲ ಎಂದು ನಾಚಿಕೆಯಾಗಿ ಕೈ ಹಿಂದೆಳೆದುಕೊಂಡ. ಆಮೇಲೆ ನಾಚಿಕೆ ಬಿಟ್ಟು ಬೆಲ್ ಒತ್ತಿದ. ಬಾಗಿಲಿನ ಪಕ್ಕದ ಪುಟ್ಟ ಕ್ಯಾಮೆರಾದಲ್ಲಿ ಕೆಂಪು ದೀಪ ಹತ್ತಿ, ಅದರೊಳಗಿನಿಂದ ಗಂಡಸಿನ ದನಿ ಬಂತು.

"ಹಾಂ, ಮೆಸೇಜ್ ನೋಡಿದ್ವಿ ಅಂಕಲ್. ತುಂಬಾ ಬೇಜಾರಾಯ್ತು."

"ಸ್ವಲ್ಪ ಹೆಗಲು ಕೊಡ್ತೀರಾ ಅಂತ…"

ದೀಪ ಆಗಲೇ ಆರಿತ್ತು. ಅವನು ಇನ್ನೊಮ್ಮೆ ಒತ್ತಲಿಲ್ಲ.

"ಕುರ್ಚಿ ಸಮೇತ ಲಿಫ್ಟಲ್ಲಿ ಇಳಿಸ್ಬಿಡಣ ಬುದ್ಧಿ," ಅಂದ ಪುಟ್ಟಯ್ಯ, ತಲೆ ತಗ್ಗಿಸಿಕೊಂಡು. ಸುಘೋಷನಿಗೆ ಫೋನಿನಲ್ಲಿ ಹೇಳಿದರು. ಅವನು ಆಗಲಿ ಅಂದ, ಒಂದೇ ಒಂದು ವಿನಂತಿ ಮಾಡಿಕೊಂಡ. "ಮಕ್ಕಳು ಓಡಾಡ್ತಿರ್ತಾರೆ ಸಾರ್, ಹೆದರ್ಕೊಳ್ತಾರೆ. ಹಾರ ಎಲ್ಲ ಕೆಳಗೆ ಹೋದ್ಮೇಲೆ ಹಾಕಿ. ಮುಖ ಸ್ವಲ್ಪ ಮುಚ್ಕೊಳ್ಳಿ." ಕರಿಯಮ್ಮ ಶಾಲನ್ನು ತಲೆಯ ಮೇಲಿಂದ ಸುತ್ತಿ, ಮೂಗಿನ ಹತ್ತಿಯೂ ಗದ್ದದ ಕಟ್ಟೂ ಕಾಣದಂತೆ ಮುಂದಕ್ಕೆಳೆದಳು. ಈಗ ಭವಾನಿ ನೆಗಡಿಯಾದವಳು ಹೊದ್ದು ಕೂತ ಹಾಗೆ ಕಾಣುತ್ತಿದ್ದಳು.

ಲಿಫ್ಟಿನಲ್ಲಿ ಪುಟ್ಟಯ್ಯ, ಪರಶುರಾಮ ಕುರ್ಚಿಯ ಎರಡು ಕಡೆ ನಿಂತರು. ಹಿಂದೆ ಗೋಡೆಗೆ ಒತ್ತಿಕೊಂಡು ನಿಂತ ವೀರೇಂದ್ರನ ಅಂಗೈ ಅಕ್ಕನ ತಲೆಯ ಮೇಲಿತ್ತು. ಶಾಲಿನ ಮೇಲಿಂದಲೂ ತಣ್ಣಗೆ ತಾಗುತ್ತಿತ್ತು. ಎರಡನೇ ಮಹಡಿಯಲ್ಲಿ ಲಿಫ್ಟ್ ನಿಂತು, ಮಡಿಸಿದ ಯೋಗದ ಚಾಪೆ ಹಿಡಿದ ಹುಡುಗಿಯೊಬ್ಬಳು ಒಳಗೆ ಬಂದಳು. ಮೈ ಹಿಡಿಮಾಡಿಕೊಂಡು ಮೂಲೆಯಲ್ಲಿ ನಿಂತು ಕುರ್ಚಿಯ ಕಡೆ ನೋಡಿದಳು.

"ಅಯ್ಯೋ, ಆಂಟಿಗೆ ಹುಷಾರಿಲ್ವಾ ಅಂಕಲ್?"

ಪುಟ್ಟಯ್ಯ ಬಾಯಿ ತೆರೆದ. ಅವನಿಗಿಂತ ಮೊದಲೇ ವೀರೇಂದ್ರ, "ಹೂಂ ಕಣಮ್ಮ," ಅಂದ.

"ಹಾಸ್ಪಿಟಲ್‌ಗೆ ತಾನೇ? ತಡ ಮಾಡ್ಬೇಡಿ ಅಂಕಲ್. ಇವತ್ತು ನಮ್ಮ ಬಿಲ್ಡಿಂಗಲ್ಲೇ ಯಾರೋ ತೀರ್ಕೊಂಡಿದಾರೆ, ಗ್ರೂಪಲ್ಲಿ ನೋಡಿದ್ರಾ? ನಾನೂ ಓಂ ಶಾಂತಿ ಹಾಕಿದೆ. ಪಾಪ, ಯಾರೋ ಏನೋ."

ಲಿಫ್ಟ್ ಕೆಳಗೆ ಬಂದು ನಿಂತಿತು. ಹುಡುಗಿ ಮೊದಲು ಹೊರಗೆ ಹೋಗಿ, ಬಾಗಿಲು ಮುಚ್ಚಿಕೊಳ್ಳದಂತೆ ಕೈ ಅಡ್ಡ ಹಿಡಿದಳು. "ನಿಧಾನ, ನಿಧಾನ. ಆಂಟಿ ಕಾಲು ತಾಗುತ್ತೆ ನೋಡಿ," ಎನ್ನುತ್ತ ಚಾಪೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬಗ್ಗಿ, ಕುರ್ಚಿಯ ಮುಂದಿನ ಕಾಲಿಗೆ ತಾನೂ ಒಂದು ಕೈ ಕೊಟ್ಟಳು.