ಗುರುವಾರದ ಕೊಂಬೆ

ಮರ ಅಂದರೆ ಬೇರು ಕೆಳಗೆ, ಕೊಂಬೆ ಮೇಲೆ ಅಂತ ಹಸುಗೂಸಿಗೂ ಗೊತ್ತು. ಅರ್ಷಿಯಾ ಎಂಟು ತಿಂಗಳಿಂದ ಕಟ್ಟುತ್ತಿದ್ದ ಮರದ ಬುಡ ಮಾತ್ರ ಮೇಲಿತ್ತು, ಎಲೆಗಳು ನೆಲದ ಕಡೆ ಜೋತುಬಿದ್ದಿದ್ದವು. ಆ ಮರಕ್ಕೆ ನೀರು ಬೇಡ, ಗೊಬ್ಬರ ಬೇಡ. ಅವಳ ಕಣ್ಣು, ಕತ್ತು, ಸೊಂಟ ಇಷ್ಟನ್ನು ಕೊಟ್ಟರೆ ಸಾಕಿತ್ತು. ಬೆಳಿಗ್ಗೆ ಮಾಲೂರಿನಿಂದ ಕೋಲಾರಕ್ಕೆ ಬಸ್ಸು, ಸಂಜೆ ಕೋಲಾರದಿಂದ ಮಾಲೂರಿಗೆ ಬಸ್ಸು, ನಡುವೆ ಟೈರ್ ಅಂಗಡಿಯ ಮೇಲಿನ ಎರಡು ಕೋಣೆಯ ಆಫೀಸಿನಲ್ಲಿ ಮಾನಿಟರು. ಮೂವತ್ತೆಂಟಕ್ಕೇ ಮಂಡಿ ಹಿಡಿದುಕೊಂಡು ಏಳುವ ಹಾಗಾಗಿದ್ದಳು.

ಕೆಲಸ ಏನಪ್ಪಾ ಅಂದರೆ, ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಹರಡಿಕೊಂಡಿದ್ದ ಮೂವತ್ನಾಲ್ಕು ಚಾಕಿ ಮನೆಗಳ ಕಂಪ್ಯೂಟರು ಬದಲಾಯಿಸುವುದು. ಚಾಕಿ ಮನೆ ಅಂದರೆ ರೇಷ್ಮೆ ಹುಳದ ಬಾಲವಾಡಿ. ಮೊಟ್ಟೆಯೊಡೆದ ಮರಿಗಳನ್ನು ಎರಡು ಜ್ವರ ದಾಟುವವರೆಗೆ ಅಲ್ಲಿ ಸಾಕಿ ರೈತರಿಗೆ ಕೊಡುತ್ತಾರೆ. ಹುಳ ಪೊರೆ ಬಿಡುವುದಕ್ಕೆ ಆ ಕಡೆ ಜ್ವರ ಅನ್ನುತ್ತಾರೆ. ಮರಿಗಳಿಗೆ ಬಿಸಿ ಇಷ್ಟೇ ಇರಬೇಕು, ತೇವ ಇಷ್ಟೇ ಇರಬೇಕು. ಅದನ್ನೆಲ್ಲ ನೋಡಿಕೊಳ್ಳಲಿ ಅಂತ ದೇವರಾಯಸಮುದ್ರದ ಕೋದಂಡರಾಮಪ್ಪ ಮೇಷ್ಟ್ರು ಹದಿನಾಲ್ಕು ವರ್ಷದ ಹಿಂದೆ ಒಂದು ಪ್ರೋಗ್ರಾಮು ಬರೆದು, ಮನೆಮನೆಗೂ ಹೋಗಿ ಕೂರಿಸಿದ್ದರು. ಕೂರಿಸಿದವರು ಸುಮ್ಮನಿದ್ದರೇ? ಈ ಮನೆಯ ಗೋಡೆ ಹಾಗೆ, ಆ ಮನೆಯ ಹೀಟರು ಹೀಗೆ ಅಂತ ಒಂದೊಂದು ಮನೆಗೂ ಒಂದೊಂದು ಥರ ತಿದ್ದಿಬಿಟ್ಟಿದ್ದರು. ಈಗ ಆ ಹಳೇ ಕಂಪ್ಯೂಟರುಗಳು ಕೊನೇ ಉಸಿರು ಎಳೆಯುತ್ತಿದ್ದವು, ಅವುಗಳ ಭಾಷೆ ಹೊಸ ಯಂತ್ರಕ್ಕೆ ಬಾರದು. ಮೂವತ್ನಾಲ್ಕನ್ನೂ ಕೂತು ಕೈಯಲ್ಲೇ ಹೊಸ ಭಾಷೆಗೆ ಬರೆಯುವುದು ಯಾರಪ್ಪನ ಕೈಲಾಗುತ್ತದೆ?

ಅದಕ್ಕೇ ಈ ಮರ. ಮೇಷ್ಟ್ರು ಬರೆದ ಸಾಲನ್ನು ಅರ್ಷಿಯಾ ಬರೆದ ಇನ್ನೊಂದು ಪ್ರೋಗ್ರಾಮು ಓದುತ್ತಿತ್ತು, ನಾವು ಬರೆದದ್ದನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರು ಓದುವ ಹಾಗೆಯೇ. ಹತ್ತಕ್ಕೆ, ಎರಡು ಮೂರಲ ಎಷ್ಟೋ ಅಷ್ಟನ್ನು ಕೂಡಿಸು ಅಂತ ಸಾಲಿನಲ್ಲಿದ್ದರೆ ಕೂಡುವ ಗುರುತು ಮೇಲೆ ಕೂರುತ್ತದೆ. ಅದರ ಒಂದು ಕೈಗೆ ಹತ್ತು, ಇನ್ನೊಂದು ಕೈಗೆ ಗುಣಿಸುವ ಗುರುತು, ಆ ಗುರುತಿನ ಕೆಳಗೆ ಎರಡು ಮತ್ತು ಮೂರು. ಕೆಳಗಿನವರು ತಮ್ಮ ಕೆಲಸ ಮುಗಿಸಿ ಮೇಲಿನವರಿಗೆ ಒಪ್ಪಿಸುತ್ತಾರೆ. ಬಿಸಿ ಹೆಚ್ಚಾದರೆ ನೀರು ಚಿಮ್ಮಿಸು, ಇಲ್ಲದಿದ್ದರೆ ಸುಮ್ಮನಿರು ಅಂತಿದ್ದರೆ ಅದಕ್ಕೆ ಮೂರು ಕೊಂಬೆ: ಕೇಳುವ ಪ್ರಶ್ನೆ, ಹೌದಾದರೆ ಮಾಡುವ ಕೆಲಸ, ಅಲ್ಲವಾದರೆ ಮಾಡುವ ಕೆಲಸ. ಹೀಗೆ ಪೂರ್ತಿ ಪ್ರೋಗ್ರಾಮು ಒಂದು ಮರವಾಗುತ್ತದೆ. ಮರವಾದ ಮೇಲೆ ಅದನ್ನು ಯಾವ ಭಾಷೆಗೆ ಬೇಕಾದರೂ ಬರೆದುಕೊಳ್ಳಬಹುದು.

ಮರಕ್ಕೆ ಬೇಡದ್ದು ದಾರಿಯಲ್ಲೇ ಉದುರಿಹೋಗುತ್ತದೆ. ಆವರಣದ ಗುರುತುಗಳು ಬೇಡ, ಯಾವುದು ಮೊದಲು ಅನ್ನುವುದು ಮರದ ಆಕಾರದಲ್ಲೇ ಇರುತ್ತದಲ್ಲ. ಇನ್ನು ಕಾಮೆಂಟುಗಳಂತೂ ಬೇಡವೇ ಬೇಡ. ಕಾಮೆಂಟು ಅಂದರೆ ಪ್ರೋಗ್ರಾಮು ಬರೆದವರು ಸಾಲಿನ ಪಕ್ಕ ಬರೆದಿಟ್ಟ ಮಾತು, ಯಂತ್ರ ಅದನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಮೇಷ್ಟ್ರಿಗೆ ಈ ಮಾತಿನ ಚಟ ಬಹಳ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ, ಕನ್ನಡದ ನಡುವೆ ತೆಲುಗು. 'ಈ ಹೀಟರು ಮಾರಿದವನ ಮನೆ ಹಾಳಾಗ' ಅಂತ ಒಂದು ಕಡೆ. 'ಮುನಿಯಲ್ಲಮ್ಮನವರ ಒಬ್ಬಟ್ಟು ತಿಂದು ಬರೆದ ಸಾಲು, ನಿದ್ದೆ ಬರ್ತಿದೆ, ತಪ್ಪಿದ್ದರೆ ಕ್ಷಮಿಸಿ' ಅಂತ ಇನ್ನೊಂದು ಕಡೆ. ಮೊದಮೊದಲು ಅರ್ಷಿಯಾ ಓದಿ ನಕ್ಕಿದ್ದಳು. ಮೂರನೇ ಮನೆಯ ಹೊತ್ತಿಗೆ ನಗುವುದಕ್ಕೂ ಸುಸ್ತಾಗಿ ಓದುವುದನ್ನೇ ಬಿಟ್ಟಳು.

ಮೂವತ್ನಾಲ್ಕು ಮರಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಹುತ್ತೂರಿನ ಮುನಿಯಲ್ಲಮ್ಮನ ಮನೆಯ ಮರದಲ್ಲಿ ಮಾತ್ರ ಒಂದು ಕೊಂಬೆ ಹೆಚ್ಚಿಗಿತ್ತು. ಎಲ್ಲ ಮನೆಯಲ್ಲೂ ಬೆಳಿಗ್ಗೆ ಎಂಟಕ್ಕೆ ಫ್ಯಾನು ಶುರುವಾಗಿ ಹೊರಗಿನ ಗಾಳಿ ಎಳೆದುಕೊಳ್ಳುತ್ತದೆ. ಈ ಮನೆಯಲ್ಲಿ ಗುರುವಾರವಾಗಿದ್ದರೆ ಹನ್ನೊಂದರವರೆಗೆ ಫ್ಯಾನು ಇಲ್ಲ.

"ಇದೇನ್ರೀ ಇದು?" ಅಂದ ಆಫೀಸಿನ ಯಜಮಾನ ಚಂದ್ರಮೋಹನ್, ಅವಳ ಹಿಂದೆ ನಿಂತು. "ಮೂವತ್ಮೂರು ಮನೇಲಿ ಇಲ್ದಿರೋದು ಇಲ್ಲಿ ಯಾಕೆ? ಓ, ಗುರುವಾರ ಅಲ್ವಾ, ರಾಯರ ವಾರ. ಮೇಷ್ಟ್ರು ಪೂಜೆ ಗೀಜೆ ಮಾಡಿಸ್ತಿದ್ರೇನೋ. ಹುಳಕ್ಕೇನ್ರೀ ಗೊತ್ತು ವಾರ? ತೆಗೆದುಹಾಕಿ. ಎಲ್ಲಾ ಮನೆಗೂ ಒಂದೇ ಥರ ಇರ್ಲಿ."

ಅರ್ಷಿಯಾಗೂ ಹಾಗೇ ಅನ್ನಿಸಿತ್ತು, ಅವಳ ಕಾರಣ ಬೇರೆ ಅಷ್ಟೆ. ಅವಳ ಮನೆಯಲ್ಲೂ ಗುರುವಾರ, ಜುಮೇರಾತ್, ಅಮ್ಮ ಗೌಹರ್ ಕೆಂಡದ ಮೇಲೆ ಲೋಬಾನ ಹಾಕುತ್ತಿದ್ದಳು. ಬೂದಿ ಹಾರುತ್ತದೆ ಅಂತ ಮೊದಲು ಕೂಗುತ್ತಿದ್ದ ಮಾತೇ "ಪಂಖಾ ಬಂದ್ ಕರೋ", ಫ್ಯಾನು ನಿಲ್ಲಿಸಿ ಅಂತ. ಪಾಪ, ಮುನಿಯಲ್ಲಮ್ಮನೂ ಹುಳದ ಮನೆಗೆ ಧೂಪ ಹಾಕುತ್ತಾಳೆ, ಮೇಷ್ಟ್ರು ಅದಕ್ಕೇ ಫ್ಯಾನು ನಿಲ್ಲಿಸಿದ್ದಾರೆ ಅಂದುಕೊಂಡಳು. ಮೇಷ್ಟ್ರಿಗೆ ಒಂದು ಫೋನು ಮಾಡಿ ಕೇಳಬಹುದಿತ್ತು. ಆದರೆ ದೇವರ ವಿಷಯ, ಅದೂ ತಾನು ಕೇಳುವುದು, ಹಿರಿಯರು ಏನಂದುಕೊಂಡಾರೋ ಅಂತ ಸಂಕೋಚವಾಯಿತು. ಸಂಕೋಚ ಅನ್ನುವುದು ಅರ್ಧ ನಿಜ, ಸುಸ್ತು ಇನ್ನರ್ಧ. ಕೊಂಬೆ ಕತ್ತರಿಸಿದಳು.

ಬುಧವಾರ ಮಧ್ಯಾಹ್ನ ಹುತ್ತೂರಿಗೆ ಹೋಗಿ ಹೊಸ ಯಂತ್ರ ಕೂರಿಸಿದಳು. ಮೊದಲ ಮನೆ ಅದೇ. ಮುನಿಯಲ್ಲಮ್ಮ ಅರವತ್ತು ದಾಟಿದ ಹೆಂಗಸು, ಸೆರಗು ಸೊಂಟಕ್ಕೆ ಸಿಕ್ಕಿಸಿದರೆ ಸಂಜೆಯವರೆಗೆ ಬಿಚ್ಚುವವಳಲ್ಲ. ನಾಲ್ಕು ಸ್ಟ್ಯಾಂಡಿನ ತುಂಬ ತಟ್ಟೆ, ತಟ್ಟೆಯ ತುಂಬ ಎರಡನೇ ಜ್ವರಕ್ಕೆ ಕೂರಲಿದ್ದ ಸಣ್ಣ ಹುಳ.

"ಶನಿವಾರಕ್ಕೆ ಹನ್ನೊಂದು ಮನೆಯೋರು ಬರ್ತಾರಮ್ಮ ಹುಳ ತಗೊಂಡೋಗಕ್ಕೆ," ಅಂದಳು. "ಎಲ್ರೂ ಸೊಪ್ಪು ಬೆಳೆಸ್ಕೊಂಡು ಕಾದ್ಕೊಂಡವ್ರೆ. ನಿನ್ ಮಿಷಿನ್ ಎಂಗೋ ನಂಗೊತ್ತಿಲ್ಲ, ನೀನ್ ಗೊತ್ತು. ಅಷ್ಟೇಯ."

ಅರ್ಷಿಯಾ ನಕ್ಕು, ಎಲ್ಲ ಸರಿಯಿದೆ ಅಂತ ಹೇಳಿ, ಕೊನೇ ಬಸ್ಸು ತಪ್ಪಬಾರದು ಅಂತ ಓಡಿದಳು.

ಗುರುವಾರ ಬೆಳಿಗ್ಗೆ ಎಂಟೂವರೆ. ಬಸ್ಸು ಮಾಲೂರು ಬಿಟ್ಟು ಅರ್ಧ ದಾರಿ ಬಂದಿತ್ತು. ಕಂಬಿಗೆ ತಲೆ ಆನಿಸಿ ತೂಕಡಿಸುತ್ತಿದ್ದವಳ ಫೋನಿಗೆ ಮೇಷ್ಟ್ರ ಮೆಸೇಜು ಬಂತು. 'ಹೊಸ ಯಂತ್ರ ಕೂರಿಸಿದೆಯಂತೆ, ಸಂತೋಷ. ಇವತ್ತು ಗುರುವಾರ. ಫ್ಯಾನು ನಿಂತಿದೆಯಾ ಒಂದು ಸಲ ವಿಚಾರಿಸಮ್ಮ.'

ಪೂಜೆಯ ವಿಷಯಕ್ಕೆ ಇಷ್ಟು ವಿಚಾರಣೆಯೇ ಅಂತ ಅವಳಿಗೆ ಮೊದಲು ಬೇಜಾರಾಯಿತು. ಆಮೇಲೆ ಮೆಸೇಜನ್ನು ಇನ್ನೊಂದು ಸಲ ಓದಿದಳು. ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದು ಹುತ್ತೂರಿನ ಹಳೇ ಪ್ರೋಗ್ರಾಮು ತೆರೆದಳು. ಆ ಸಾಲಿನ ಮೇಲೆ ಮೇಷ್ಟ್ರ ಕಾಮೆಂಟು ಇತ್ತು, ಅವಳು ಓದದೇ ಬಿಟ್ಟ ಸಾವಿರದಲ್ಲಿ ಒಂದು.

'ಪಕ್ಕದ ಹೊಲದ ಪೆದ್ದಪ್ಪ ಬುಧವಾರ ಟೊಮೆಟೊ ಬಿಡಿಸಿ ಮಂಡಿಗೆ ಹಾಕುತ್ತಾನೆ, ಗುರುವಾರ ಬೆಳಿಗ್ಗೆ ಗಿಡಕ್ಕೆ ಔಷಧಿ ಹೊಡೆಯುತ್ತಾನೆ. ಆ ಗಾಳಿ ಹುಳಕ್ಕೆ ವಿಷ. ಹನ್ನೊಂದರವರೆಗೆ ಫ್ಯಾನು ಹಾಕಬೇಡಿ. ನನಗೆ ಗೊತ್ತಿರಲಿಲ್ಲ, ಹಾಕಿಸಿದೆ, ಮೂರು ಸ್ಟ್ಯಾಂಡು ಹುಳ ಹೋಯಿತು. ತಪ್ಪು ನನ್ನದು. ಕೋ.ರಾ.'

"ಯಾ ಅಲ್ಲಾ," ಅಂದಳು, ಬಸ್ಸಿನವರೆಲ್ಲ ತಿರುಗಿ ನೋಡುವ ಹಾಗೆ.

ಆ ಯಂತ್ರವನ್ನು ದೂರದಿಂದ ನಿಲ್ಲಿಸುವ ಹಾಗಿರಲಿಲ್ಲ. ಮುನಿಯಲ್ಲಮ್ಮನಿಗೆ ಫೋನು ಮಾಡಿದಳು. ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಮತ್ತೆ ಮಾಡಿದಳು. ಎತ್ತುವುದು ಹೇಗೆ? ಆ ಹೊತ್ತಿಗೆ ಮುನಿಯಲ್ಲಮ್ಮ ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಾಳೆ, ಹುಳ ಮುಟ್ಟುವ ಕೈ ಅಂತ ಫೋನನ್ನು ಗೋಡೆಯ ಗೂಡಿನಲ್ಲಿಟ್ಟು ಹೋಗಿರುತ್ತಾಳೆ. ಮೇಷ್ಟ್ರಿಗೆ ಮಾಡಿದಳು. ಪೆದ್ದಪ್ಪ ಔಷಧಿ ಯಂತ್ರ ಬೆನ್ನಿಗೇರಿಸಿದರೆ ಗುಡುಗೂ ಕೇಳಿಸುವುದಿಲ್ಲ, ಆದರೂ ಅವನಿಗೆ ಫೋನು ಮಾಡಿ ನೋಡ್ತೀನಿ, ನೀನು ಹೋಗು ಅಂದರು ಮೇಷ್ಟ್ರು. ಬಸ್ಸು ಪ್ರತಿ ಹಳ್ಳಿಯ ಗೇಟಿನಲ್ಲೂ ನಿಂತು ನಿಂತು ಹೊರಡುತ್ತಿತ್ತು. ಡ್ರೈವರನ್ನು ಬೈದು ಏನು ಬಂತು? ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವ ಗಾದೆ ಡ್ರೈವರನಿಗಾಗಿ ಮಾಡಿದ್ದಲ್ಲ.

ಕೋಲಾರದಲ್ಲಿ ಇಳಿದು ಆಟೋ ಹಿಡಿದು ಹುತ್ತೂರು ಮುಟ್ಟಿದಾಗ ಒಂಬತ್ತೂಮುಕ್ಕಾಲು. ಆ ಅವಸರದಲ್ಲೂ ಚಪ್ಪಲಿ ಹೊರಗೆ ಬಿಟ್ಟು ಕೈ ತೊಳೆದೇ ಒಳಗೆ ಕಾಲಿಟ್ಟಳು. ಫ್ಯಾನು ನಿಂತಿತ್ತು. ತೋಟದಿಂದ ಬಂದ ಮುನಿಯಲ್ಲಮ್ಮ ಘಾಟು ಮೂಗಿಗೆ ಬಡಿದದ್ದೇ ವೈರನ್ನೇ ಕಿತ್ತುಹಾಕಿದ್ದಳು. ಒಳಗೆ ಔಷಧಿಯ ಘಾಟು ಇನ್ನೂ ಇತ್ತು. ಫ್ಯಾನಿನ ಕಡೆಯ ಎರಡು ಸ್ಟ್ಯಾಂಡಿನ ತಟ್ಟೆಗಳಲ್ಲಿ ಹುಳಗಳು ತಲೆಯೆತ್ತಿ ಆ ಕಡೆ ಈ ಕಡೆ ಆಡಿಸುತ್ತಿದ್ದವು, ಹಸಿರು ನೀರು ಕಾರುತ್ತಿದ್ದವು. ಕೆಲವು ಮುದುಡಿ ಸುಮ್ಮನಾಗಿದ್ದವು.

"ಅಮ್ಮಾ, ನನ್ನಿಂದ..."

"ಈಗ ಮಾತಾಡ್ಬೇಡ. ಆ ಕಡೆ ತಟ್ಟೆ ಎತ್ತು."

ಇಬ್ಬರೂ ಸೇರಿ ಚೆನ್ನಾಗಿದ್ದ ಎರಡು ಸ್ಟ್ಯಾಂಡಿನ ತಟ್ಟೆಗಳನ್ನು ಮುಂದಿನ ಕೋಣೆಗೆ ಸಾಗಿಸಿದರು. ಬೆನ್ನು ಬಿದ್ದುಹೋಗುವಷ್ಟು ತಟ್ಟೆ. ಹೊಸ ಸೊಪ್ಪು ಹೆಚ್ಚಿ ಹಾಕಿ ಕಾದರು. ಆ ಹುಳಗಳು ತಿಂದವು. ಫ್ಯಾನಿನ ಕಡೆಯವು ಸೊಪ್ಪಿನ ಮೇಲೇ ಬಿದ್ದುಕೊಂಡವು. ಹನ್ನೆರಡರ ಹೊತ್ತಿಗೆ ಮುನಿಯಲ್ಲಮ್ಮ ಹಿತ್ತಲಲ್ಲಿ ಗುಂಡಿ ತೆಗೆದು ಅವನ್ನು ಹಾಕಿ ಸುಣ್ಣ ಸುರಿದಳು. ಹನ್ನೊಂದು ಮನೆಯಲ್ಲಿ ಐದೋ ಆರೋ ಮನೆಗೆ ಈ ಸಲ ಹುಳ ಇಲ್ಲ. ಯಾರಿಗೆ ಇಲ್ಲ ಅಂತ ಹೇಳುವುದು ಮುನಿಯಲ್ಲಮ್ಮನ ಪಾಲಿಗೆ ಬಂತು. ಅರ್ಷಿಯಾ ಗುಂಡಿಯ ಪಕ್ಕ ಕೂತು ಅತ್ತಳು.

ಮೇಷ್ಟ್ರು ದೇವರಾಯಸಮುದ್ರದಿಂದ ಸ್ಕೂಟರಿನಲ್ಲಿ ಬಂದಾಗ ಮುಖವೆಲ್ಲ ಧೂಳಾಗಿತ್ತು. ಅವರು ಬಯ್ಯಲಿ ಅಂತ ಅವಳು ಕಾದಳು. ಅವರು ಗುಂಡಿ ನೋಡಿ, ಜಗಲಿಯ ಮೇಲೆ ಕೂತು, ನೀರು ಕೇಳಿ ಕುಡಿದರು.

"ಮೇಷ್ಟ್ರೇ, ಕಾಮೆಂಟಲ್ಲಿ ಯಾಕೆ ಬರೆದ್ರಿ ಇಂಥ ವಿಷ್ಯಾನ?" ಅವಳಿಗೆ ತನ್ನ ಮೇಲಿನ ಸಿಟ್ಟೆಲ್ಲ ಅವರ ಮೇಲೆ ಹರಿಯಿತು. "ಅದು ಮರಕ್ಕೆ ಬರಲ್ಲ. ಯಾವ ಕಂಪೈಲರೂ ಅದನ್ನ ಇಟ್ಕೊಳಲ್ಲ. ಮೆಷಿನ್ ಓದಲ್ಲ ಅಂತ ನಿಮಗೆ ಗೊತ್ತಿಲ್ವಾ?"

"ಗೊತ್ತು ಕಣಮ್ಮ," ಅಂದರು. "ಮೆಷಿನ್‌ಗೆ ಹೇಳೋದನ್ನ ಕೆಳಗಡೆ ಸಾಲಲ್ಲಿ ಹೇಳಿದ್ದೆ. ಅದು ಹದಿನಾಲ್ಕು ವರ್ಷ ಕೇಳ್ತು. ಮೇಲ್ಗಡೆ ಬರೆದಿದ್ದು ಮೆಷಿನ್‌ಗಲ್ಲ. ನನ್ ಹಿಂದೆ ಯಾರೋ ಬರ್ತಾರಲ್ಲ, ಅವ್ರಿಗೆ. ನೀನು ಬಂದೆ."

ಅವಳು ಲ್ಯಾಪ್‌ಟಾಪ್ ತೆರೆದಳು.

ಚಂದ್ರಮೋಹನನ ಫೋನು ಬಂತು, ನಾಳೆ ಮಾಸ್ತಿ ಊರಿನ ಚಾಕಿ ಮನೆ ಮುಗಿಸಬೇಕು ಅಂತ ನೆನಪಿಸುವುದಕ್ಕೆ. ಇನ್ನು ಮೂವತ್ಮೂರನ್ನೂ ಸಾಲುಸಾಲಾಗಿ ಓದದೆ ಯಾವ ಮನೆಗೂ ಹೋಗುವುದಿಲ್ಲ, ಮರದಲ್ಲಿ ಮೇಷ್ಟ್ರ ಮಾತಿಗೂ ಒಂದು ಜಾಗ ಮಾಡಿ ಆಯಾ ಕೊಂಬೆಗೇ ಕಟ್ಟುತ್ತೇನೆ, ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ ಅಂದಳು. ಅವನು ಕೂಗಾಡಿದ. ಅವಳು ಫೋನನ್ನು ಕಿವಿಯಿಂದ ದೂರ ಹಿಡಿದು ಅವನ ಕೂಗು ಮುಗಿಯುವವರೆಗೆ ಕಾದಳು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ, ಆದರೂ ಹಾಕಲೇಬೇಕಲ್ಲ.

ಆಮೇಲೆ ಗುರುವಾರದ ಕೊಂಬೆಯನ್ನು ಮತ್ತೆ ಮರಕ್ಕೆ ಸೇರಿಸಿದಳು. ಅದರ ಮೇಲೆ ಮೇಷ್ಟ್ರ ಮಾತನ್ನು ಒಂದಕ್ಷರ ಬಿಡದೆ ಇಳಿಸಿಕೊಂಡು, ಕೆಳಗೆ ತನ್ನದೊಂದನ್ನು ಬರೆದಳು. ಎಂಟು ತಿಂಗಳಲ್ಲಿ ಅವಳು ಬರೆದ ಮೊದಲ ಕಾಮೆಂಟು ಅದು.

"ಏನ್ ಬರ್ದೆ, ಓದು," ಅಂದಳು ಮುನಿಯಲ್ಲಮ್ಮ, ಸುಣ್ಣದ ಕೈ ಒರೆಸಿಕೊಳ್ಳುತ್ತ.

ಅರ್ಷಿಯಾ ಓದಿದಳು. "ಇದನ್ನ ಪೂಜೆ ಅಂದ್ಕೊಂಡು ತೆಗೆದುಹಾಕಿದ್ದು ನಾನು. ಯಾರನ್ನೂ ಕೇಳಲಿಲ್ಲ. ಎರಡು ಸ್ಟ್ಯಾಂಡು ಹುಳ ಹೋಯಿತು. ತಪ್ಪು ನನ್ನದು. ಅರ್ಷಿಯಾ."

ಮುನಿಯಲ್ಲಮ್ಮ ತಲೆಯಾಡಿಸಿದಳು. "ಚೆನ್ನಾಗ್ ಬರ್ದೆ. ಮೇಷ್ಟ್ರೂ ಇಂಗೇ ಬರ್ದಿದ್ರಂತೆ." ಪರದೆಯತ್ತ ಬಗ್ಗಿ ನೋಡಿ ಕೇಳಿದಳು, "ಇದನ್ನ ಯಾರಮ್ಮ ಓದ್ತಾರೆ?"

ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ಅರ್ಷಿಯಾ ಜಗಲಿಯ ಮೇಲೆ ಕಾಲು ಚಾಚಿ, ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು, ಮಾಸ್ತಿಯ ಮನೆಯ ಪ್ರೋಗ್ರಾಮು ತೆರೆದು ಮೊದಲನೇ ಸಾಲಿನಿಂದ ಓದುವುದಕ್ಕೆ ಶುರು ಮಾಡಿದಳು.