ಎರಡು ಪುಸ್ತಕ, ಒಂದು ಹೊಲಿಗೆ

ಬೈಂಡರಿಗೆ ಆ ಎರಡು ಪುಸ್ತಕಗಳಲ್ಲಿ ಒಂದಕ್ಷರವೂ ಓದಲು ಬರುತ್ತಿರಲಿಲ್ಲ. ಈಗ ಅವುಗಳಿಗಾಗಿಯೇ ಅವರ ಶವಪೆಟ್ಟಿಗೆಯ ಪಕ್ಕ ಇಬ್ಬರು ಮುದುಕರು ಕಚ್ಚಾಡುತ್ತಿದ್ದರು. ಮಗಳ ಒಂದು ಕೈಯಲ್ಲಿ ಎರಡನ್ನೂ ಸೇರಿಸಿ ಹೊಲಿದ ಪುಸ್ತಕ, ಇನ್ನೊಂದರಲ್ಲಿ ಅಪ್ಪನ ಚೂರಿ.

“ಕತ್ತರಿಸಬೇಡಮ್ಮ,” ಎಂದರು ಅವರಲ್ಲೊಬ್ಬರಾದ ಮೇಷ್ಟ್ರು. “ನಮ್ಮ ಯಹೂದಿಗಳಲ್ಲಿ ದೇವರ ಹೆಸರಿರೋ ಪುಸ್ತಕ ಹರಿದು ಚಿಂದಿಯಾದ್ರೆ ರದ್ದಿಗೆ ಹಾಕಲ್ಲ, ಮಣ್ಣು ಮಾಡ್ತೀವಿ. ಇಷ್ಟು ವರ್ಷ ನಿಮ್ಮಪ್ಪ ತೇಪೆ ಹಾಕಿ ಉಳಿಸಿದ. ಇನ್ಯಾರು ಹಾಕ್ತಾರೆ? ಅವನ ಜೊತೆಗೇ ಹೋಗ್ಲಿ.”

“ನಿಂದು ಹೋಗ್ಲಿ. ನನ್ನ ಹರ್ಮೆಸ್ ಯಾಕೆ ಗುಂಡಿಗೆ ಬೀಳ್ಬೇಕು? ಬಿಡಿಸಿ ಕೊಡಮ್ಮ,” ಎಂದರು ಔಷಧಿ ಅಂಗಡಿಯ ಕಾಂಪೌಂಡರ್.

*

ಮೊದಲು ಅವು ಎರಡು ಪುಸ್ತಕಗಳೇ ಆಗಿದ್ದವು. ಮೇಷ್ಟ್ರದರಲ್ಲಿ ದೇವರ ಬೆಳಕು ಹತ್ತು ಪಾತ್ರೆಗಳನ್ನು ಹಾದು ಲೋಕಕ್ಕೆ ಇಳಿಯುತ್ತಿತ್ತು. ಕಾಂಪೌಂಡರದರಲ್ಲಿ, ಹರ್ಮೆಸ್ ಎಂಬ ಪುರಾತನ ಜ್ಞಾನಿ ಹೇಳಿದಂತೆ, ಮನುಷ್ಯನ ಆತ್ಮ ಏಳು ಗ್ರಹಗಳನ್ನು ದಾಟಿ ಮೇಲಕ್ಕೆ ಹತ್ತುತ್ತಿತ್ತು.

“ನಿಮ್ಮೋರು ನಮ್ಮಿಂದ ಕದ್ದದ್ದು,” ಎಂದಿದ್ದರು ಮೇಷ್ಟ್ರು.

“ಕದ್ದೋರು ನೀವು!”

ಅಂಟು ಕಲಸುತ್ತಿದ್ದ ಬೈಂಡರ್ ತಲೆ ಎತ್ತಿದ್ದರು. “ಇವನು ಇಳೀತಾನೆ, ಅವನು ಹತ್ತುತಾನೆ. ಏಣಿ ಒಂದೇ ತಾನೆ? ನನ್ನ ತಲೆ ತಿನ್ಬೇಡಿ.”

“ಅಲ್ಲ!” ಎಂದು ಇಬ್ಬರೂ ಒಟ್ಟಿಗೇ ಕೂಗಿದ್ದರು. ಅವರು ಒಪ್ಪಿಕೊಂಡ ಮಾತು ಅದೊಂದೇ.

ಮರುದಿನ ಬೈಂಡರ್ ಇದರದೊಂದು ಕಂತೆ, ಅದರದೊಂದು ಕಂತೆ ಬೆರೆಸಿ ಒಂದೇ ರಟ್ಟಿನೊಳಗೆ ಹೊಲಿದುಬಿಟ್ಟಿದ್ದರು. ಒಬ್ಬರೇ ಮನೆಗೆ ಒಯ್ಯುವಂತಿಲ್ಲವಾದ್ದರಿಂದ ಪುಸ್ತಕ ಬೈಂಡರ್ ಅಂಗಡಿಯಲ್ಲೇ ಉಳಿಯಿತು; ಮುದುಕರು ದಿನಾ ಸಂಜೆ ಬಂದು ಬೈದಾಡಿಕೊಂಡು ಓದಿದರು. ಸಿಟ್ಟಿಗೆ ಹಾಗೆ ಮಾಡಿದ ಎಂದುಕೊಂಡಿದ್ದರು. ಅಮ್ಮ ಸತ್ತ ಮೇಲೆ ಅಂಗಡಿಯಲ್ಲಿ ಗಲಾಟೆ ಇದ್ದ ದಿನ ಮಾತ್ರ ಅಪ್ಪನಿಗೆ ಊಟ ಸೇರುತ್ತಿತ್ತೆಂದು ಮಗಳಿಗೆ ಗೊತ್ತಿತ್ತು.

*

ಮಗಳು ಚೂರಿಯನ್ನು ಹೊಲಿಗೆಗೆ ತಾಗಿಸಿ ಕಾಂಪೌಂಡರ್ ಕಡೆ ತಿರುಗಿದಳು.

“ದಾರ ಕಿತ್ರೆ ಎರಡೂ ಬಿಡಿ ಹಾಳೆ ಆಗ್ತವೆ ಮಾವ. ನಿಮ್ಮದು ನಿಮಗೆ ಸಿಗುತ್ತೆ. ಹೊಲಿಯೋಕೆ ಮಾತ್ರ ನಂಗೆ ಬರಲ್ಲ.”

ಕಾಂಪೌಂಡರ್ ಪುಸ್ತಕ ಇಸಿದುಕೊಂಡು ಮೂಸಿದರು. “ಹಾಳಾದೋನು. ಅಂಟಿನ ವಾಸನೆ ಇನ್ನೂ ಹೋಗಿಲ್ಲ.” ಹಾಗೆಂದವರೇ ಅದನ್ನು ಹೆಣದ ಅಂಗೈ ಕೆಳಗೆ ತುರುಕಿದರು.

“ಮೇಲೆ ಹತ್ತೋದನ್ನ ಕೆಳಗೆ ಹಾಕ್ತಿದೀಯಲ್ಲೋ,” ಎಂದರು ಮೇಷ್ಟ್ರು.

“ಬಾಯಿ ಮುಚ್ಕೊಂಡು ಆ ಕಡೆ ಹಿಡಿ.”

ಇಬ್ಬರೂ ಸೇರಿ ಮುಚ್ಚಳ ಎಳೆದರು.

ಸಂಜೆ ಮಗಳು ಅಂಗಡಿಯ ಷಟರ್ ಎಳೆದು ಬೀಗ ಹಾಕಿ ತಿರುಗಿದರೆ, ಮುದುಕರಿಬ್ಬರೂ ದಿನದಂತೆ ಬಂದು ಮೆಟ್ಟಿಲ ಮೇಲೆ ಕೂತಿದ್ದರು. ಬೈದಾಡಿಕೊಳ್ಳಲು ಕೈಯಲ್ಲಿ ಪುಸ್ತಕವಿರಲಿಲ್ಲ.

ಹೋದದ್ದು ಒಬ್ಬ ಬೈಂಡರ್, ಎರಡು ಪುಸ್ತಕ, ಒಂದು ಜಗಳ.